ಮೊಮ್ಮಗಳು ಟಂಟಂ ತಡೆದಳು

ರೈಲ್ವೆ ಗೇಟು ಎದ್ದಿತು, ಆದರೆ ನಮ್ಮ ಸಾಲು ಕದಲಲಿಲ್ಲ. ನಮ್ಮ ಆಟೊದ ಹಿಂದಿದ್ದ ಟಂಟಂ ಎಂಬ ಮೂರು ಗಾಲಿಯ ಗಾಡಿಯಲ್ಲಿ ಒಬ್ಬ ಹೆಂಗಸು ಹೆರಿಗೆ ನೋವಿನಿಂದ ಚೀರುತ್ತಿದ್ದಳು. ರಾಯಚೂರಿನ ದವಾಖಾನೆ ಮುಟ್ಟಬೇಕಿತ್ತು. ಗಂಡನೇ ಓಡಿಸುತ್ತಿದ್ದ. ನಮ್ಮ ಕಡೆಯವರ ಚಾಳಿಯಂತೆ ಅವನು ಎದುರಿನ ಗಾಡಿಗಳು ಬರುವ ಬಲಬದಿಗೆ ನುಗ್ಗಲು ಹ್ಯಾಂಡಲ್ ತಿರುಗಿಸಿದ. ಅಷ್ಟರಲ್ಲಿ ನನ್ನ ಮೊಮ್ಮಗಳು ಸವಿತಾ ಕೆಳಗೆ ಜಿಗಿದು ಅವನಿಗೆ ಅಡ್ಡ ನಿಂತಳು.

“ಸರಿ ಅತ್ತಾಗ! ನನ್ನ ಹೇಣ್ತಿ ಬ್ಯಾನಿ ತಿನ್ನಾಕತ್ತಾಳ, ಕಾಣವಲ್ದೇನು?”

“ಅದಕ್ಕ ನಿಂತೀನಿ, ಅಣ್ಣಾ. ಮುಂದಿನ ಗಾಡಿ ಹೊಂಟಾವ. ಒಂದರ ಹಿಂದ ಒಂದು ಹೊಂಡ್ಕೋತ ನಮ್ಮತನಕ ಬರ್ತದ. ಈಗ ನುಗ್ಗಿದ್ರ ಎದುರಿನವ್ರು ಸಿಕ್ಕೊಂಡು ಎರಡೂ ಕಡಿ ಬಂದ್ ಆಗ್ತದ.”

“ಲೇ ಸವಿತಾ, ಬಡಿಸ್ಕೋತಿ, ಬಾ ಒಳಗ!” ಎಂದು ನಾನೇ ಬೈದೆ. ಅವಳು ಅಲುಗಲಿಲ್ಲ. ಎದುರಿನ ಗಾಡಿಗಳು ಆ ಬಲಬದಿಯಿಂದ ಸರಸರ ದಾಟಿದವು. ಸ್ವಲ್ಪ ಹೊತ್ತಿಗೆ ನಮ್ಮ ಮುಂದಿನ ಲಾರಿ ಸರಿಯಿತು, ಸವಿತಾ ಆಟೊ ಹತ್ತಿದಳು, ನಾವೂ ಸರಿದೆವು, ಟಂಟಂ ಗೇಟು ದಾಟಿ ರಾಯಚೂರಿನ ಕಡೆ ಓಡಿತು.

ಗಾಡಿಗಳು ಮುಂದಕ್ಕೆ ಹೋದರೂ ನಿಲ್ಲುವುದು, ಹೊರಡುವುದು ಅಲೆಯ ಹಾಗೆ ಹಿಂದಕ್ಕೆ ಬರುತ್ತದಂತೆ. ಸವಿತಾ ಎಂಎಸ್ಸಿಯಲ್ಲಿ ಅದನ್ನೇ ಓದುತ್ತಿದ್ದಾಳೆ. ಸ್ಲ್ಯಾಬ್ ಹಾಕುವಾಗ ಸಾಲಾಗಿ ನಿಂತು ಕಾಂಕ್ರೀಟ್ ಪುಟ್ಟಿ ಕೈಯಿಂದ ಕೈಗೆ ದಾಟಿಸಿದ ನನಗೂ ಅದು ಗೊತ್ತು. ಮೇಲಿನವಳು ಕೈ ನಿಲ್ಲಿಸಿದರೆ ಕೆಳಗಿನವಳ ತನಕ ಒಬ್ಬೊಬ್ಬರೇ ನಿಲ್ಲುತ್ತೇವೆ. ಆದರೆ ಅಂಥ ಹೊತ್ತಿನಲ್ಲಿ ಆ ಗಂಡಸಿಗೆ ಅಡ್ಡ ನಿಲ್ಲುವ ಗುಂಡಿಗೆ ನನಗಿರಲಿಲ್ಲ.

ಹೆಣ್ಣು ಇಷ್ಟು ಓದಿ ಏನು ಮಾಡುತ್ತಾಳೆ ಎಂದು ಕೇಳುವವರು ನಮ್ಮ ಮಸರಕಲ್‌ನಲ್ಲಿ ಇನ್ನೂ ಇದ್ದಾರೆ. ಮೊದಲು ಸುಮ್ಮನಿರುತ್ತಿದ್ದೆ. ಈಗ ಕೂಡಿಸಿಕೊಂಡು ಇದನ್ನು ಹೇಳುತ್ತೇನೆ. ಪೂರ್ತಿ ಕೇಳದೆ ಎದ್ದು ಹೋಗಲು ಬಿಡುವುದಿಲ್ಲ.