ಬ್ಲಾಜೆನಾಳ ಪಾಲಿನ ರೇಯ್ದೊವಾಕ್

ಬ್ಲಾಜೆನಾಳಿಗೆ ಊರಿನ ಗಂಡಸರಿಂದ ನಲವತ್ತು ವರ್ಷಗಳ ಅರ್ಧ ಕುಣಿತ ಇನ್ನೂ ಬರಬೇಕಿದೆ. ಅಗ್ನಿಶಾಮಕ ದಳದವರು ಪ್ರತಿ ಚಳಿಗಾಲ ನಡೆಸುವ ಕುಣಿತದ ಕೂಟದಲ್ಲಿ ಬಾಗಿಲ ಬಳಿ ಕೋಟು ಇಸಿದುಕೊಂಡು ಚೀಟಿ ಕೊಡುವವಳು ಅವಳು. ಯಾರ ಜೇಬಿನಲ್ಲಿ ಪ್ಲಮ್ ಸಾರಾಯಿ ಅಡಗಿದೆಯೆಂದು ಕೋಟಿನ ತೂಕದಿಂದಲೇ ಹೇಳುತ್ತಾಳೆ, ಗುಂಡಿ ಕಿತ್ತುಹೋಗಿದ್ದರೆ ಕೇಳದೆ ಹೊಲಿದು ಆಮೇಲೆ ಬಯ್ಯುತ್ತಾಳೆ. ಬ್ಯಾಂಡಿನವರು ರೇಯ್ದೊವಾಕ್ ಎಂಬ ಜೋಡಿ ಕುಣಿತದ ಮಟ್ಟು ಎತ್ತಿಕೊಂಡರೆ ಮಾತ್ರ ಕೋಟುಗಳನ್ನು ದೇವರ ಪಾಲಿಗೆ ಬಿಟ್ಟು ಕುಣಿಯಲು ಇಳಿಯುತ್ತಾಳೆ. ಅವರ ಭಾಷೆಯಲ್ಲಿ ಗಾಡಿಯ ಮೂಕಿಮರ ಹಿಡಿದು ತಿರುಗಿಸುವುದಕ್ಕೆ ಹೇಳುವ ಮಾತಿನಿಂದ ಬಂದ ಹೆಸರದು: ಎರಡೂ ಕೈ ಹಿಡಿದು ಮೊದಲು ಗಂಡು ನೂಕಬೇಕು, ಹೆಣ್ಣು ಹಿಂದಕ್ಕೆ ಸರಿಯಬೇಕು; ಆಮೇಲೆ ಹೆಣ್ಣು ನೂಕಬೇಕು, ಗಂಡು ಹಿಂದಕ್ಕೆ ಸರಿಯಬೇಕು. ಗಂಡಸರಿಗೆ ಮೊದಲರ್ಧವಷ್ಟೇ ನೆನಪಿರುತ್ತದೆ. "ತಿರುಗ್ಸೋ ಮೂಕೀನ, ಈಗ ನನ್ ಸರದಿ!" ಎಂದು ಅವಳು ಕೂಗಿದರೆ ಕಟುಕ ಓತಾಕರ್, "ಹಿಂದೇನೂ ಕಾಣಲ್ವಲ್ಲ ಬ್ಲಾಜೆನತ್ತೆ, ಬಿದ್ದುಗಿದ್ದೇನು!" ಎನ್ನುತ್ತಾನೆ. "ನಂಗೇನು ಬೆನ್ನಲ್ಲಿ ಕಣ್ಣಿತ್ತೇನೋ, ಹಂದಿಮೋರೆಯೋನೆ?" ಗಂಡನಿಗೆ ಲಕ್ವ ಹೊಡೆದಾಗ ಅವನ ಎರಡೂ ಕೈ ಹಿಡಿದು, ಇದೇ ಕುಣಿತದ ಒಂದು-ಎರಡು-ಮೂರು ಎಣಿಸುತ್ತ, ಒಲೆಯಿಂದ ಬಾಗಿಲವರೆಗೆ ಅವನಿಗೆ ಮತ್ತೆ ನಡಿಗೆ ಕಲಿಸಿದವಳು ಅವಳು, ಆಗಲೂ ಹಿಂದಕ್ಕೆ ಸರಿದವಳು ಅವಳೇ. ಅದನ್ನು ಯಾರ ಮುಂದೆಯೂ ಎತ್ತಿ ಆಡಿಲ್ಲ. ಈಗ ಮಂಡಿ ಸವೆದಿದೆ, ಇನ್ನೊಂದೆರಡು ಚಳಿಗಾಲ ಕುಣಿದರೆ ಹೆಚ್ಚು. ಗೋಡೆಗೊರಗಿ ಬಿಯರ್ ಹೀರುತ್ತ ನಗುತ್ತಿರುವ ಸ್ವಾಮಿ, ಲೋಟ ಕೆಳಗಿಡಿ, ಅವಳಿಗೆ ಎರಡೂ ಕೈ ಕೊಡಿ. ಬೀಳದಂತೆ ಅವಳು ನೋಡಿಕೊಳ್ಳುತ್ತಾಳೆ, ನೀವು ಹಿಂದಕ್ಕೆ ನಡೆಯಿರಿ.