ತಂಗಿಗೆ ಮೊದಲ ತುತ್ತು

ನನ್ನ ಅಮ್ಮನ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ಕೂರಿಸುತ್ತಿದ್ದರು. ಹೊಲಿದು ಒಳಗು ಹೊರಗಾಗಿ ತಿರುವಿದಾಗ ಕಾಲರಿನ ಎರಡು ತುದಿಗಳೂ ಒಂದೇ ಚೂಪಿಗೆ ನಿಲ್ಲಬೇಕು. ಒಂದು ತುದಿ ಎಳ್ಳಷ್ಟು ಮೊಂಡಾದರೂ ಅವರು ಹೊಲಿಗೆ ಬಿಚ್ಚಿ ಮತ್ತೆ ಹಾಕುತ್ತಿದ್ದರು. "ನಾಳೆ ಮಕ್ಕಳು ಅದನ್ನೇ ಬಾಯಲ್ಲಿ ಕಚ್ಕೊಂಡು ಕೂರ್ತಾವೆ, ಬಿಡ್ರೀ" ಎಂದು ಜೊತೆಯವರು ನಗುತ್ತಿದ್ದರು. ಬಿಡುವುದು ದೊಡ್ಡಮ್ಮನ ಜಾಯಮಾನದಲ್ಲೇ ಇರಲಿಲ್ಲ.

ಹುರಿದ ಕಡಲೆಕಾಯಿ ಬೀಜವೆಂದರೆ ಅವರಿಗೆ ಪ್ರಾಣ. ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ದಾರ ಸುತ್ತಿದ ಬಾಬಿನ್‌ಗಳ ಪಕ್ಕ ಸದಾ ಒಂದು ಪೊಟ್ಟಣ ಇರುತ್ತಿತ್ತು. ಐವತ್ತು ದಾಟಿದ ಮೇಲೆ ಒಂದು ದಿನ ಬಿಡುವಿನಲ್ಲಿ ಒಂದು ಹಿಡಿ ತಿಂದು ಬಂದು ಕೂತರು. ಮೊದಲು ತುಟಿ ತುರಿಸಿತು. ಆಮೇಲೆ ಕಣ್ಣಿನ ರೆಪ್ಪೆ ಊದಿತು. ಸಂಜೆಯ ಹೊತ್ತಿಗೆ ಮೈತುಂಬ ದದ್ದು. ಪರೀಕ್ಷೆ ಮಾಡಿಸಿದ ವೈದ್ಯೆ, ಅಲರ್ಜಿ ಯಾವ ವಯಸ್ಸಿನಲ್ಲಾದರೂ ಶುರುವಾಗಬಹುದು, ಇನ್ನು ಕಡಲೆಬೀಜದ ಚೂರೂ ಬಾಯಿಗೆ ಹೋಗಕೂಡದು, ಮುಂದಿನ ಸಲ ಗಂಟಲೇ ಮುಚ್ಚಿಕೊಳ್ಳಬಹುದು ಎಂದು ಹೇಳಿ ಕಳಿಸಿದರು.

ಕಾಲೇಜು ಓದುವಾಗ ನಾನು ಅವರ ಮನೆಯಲ್ಲಿದ್ದೆ. ದೊಡ್ಡಪ್ಪ, ದೊಡ್ಡಪ್ಪನ ತಮ್ಮ, ತಮ್ಮನ ಹೆಂಡತಿ, ಇಷ್ಟೇ ಜನ. ತಮ್ಮ ಲಾರಿ ಓಡಿಸುತ್ತಿದ್ದುದರಿಂದ ಮನೆಯಲ್ಲಿದ್ದದ್ದೇ ಕಡಿಮೆ. ಅಡುಗೆಮನೆ ಅವನ ಹೆಂಡತಿಯದು, ಅಂದರೆ ದೊಡ್ಡಮ್ಮನ ಓರಗಿತ್ತಿಯದು. ಕೈರುಚಿ ಇದ್ದ ಹೆಂಗಸು. ತನ್ನ ಅಡುಗೆಯಲ್ಲಿ ಇದು ಬೇಡ, ಅದು ಬೇಡ ಎಂದರೆ ಆಕೆಗೆ ಮೈ ಉರಿಯುತ್ತಿತ್ತು.

"ಐವತ್ತು ವರ್ಷ ತಿಂದು ಅರಗಿಸ್ಕೊಂಡಿದ್ದು ಈಗ ಆಗಲ್ವಂತೆ," ಎನ್ನುತ್ತಿದ್ದಳು. "ದೊಡ್ಡೋರ ಮನೆ ಕಾಯಿಲೆ ನಮ್ಮನೆಗೆ ಹೇಗೆ ದಾರಿ ಸಿಕ್ತೋ!"

"ಬಸ್ಸಲ್ಲಿ ಬಂದಿರಬೇಕು," ಎಂದು ದೊಡ್ಡಪ್ಪ ದನಿಗೂಡಿಸುತ್ತಿದ್ದರು. ಅವರು ಗಡಿಯಾರ ರಿಪೇರಿಯವರು, ತೊಡುತ್ತಿದ್ದದ್ದು ದೊಡ್ಡಮ್ಮ ಹೊಲಿದ ಅಂಗಿಯನ್ನೇ. ತಮಾಷೆ ಮಾಡಿ ಮುಖದಲ್ಲಿ ಒಂದಿಷ್ಟೂ ನಗು ತೋರಿಸದ ಮನುಷ್ಯ.

ಒಂದು ಭಾನುವಾರ ಓರಗಿತ್ತಿ ಬದನೆಕಾಯಿ ಪಲ್ಯ ಮಾಡಿದ್ದಳು. ದೊಡ್ಡಮ್ಮ ಎರಡು ತುತ್ತು ತಿಂದು ತಲೆ ಎತ್ತಿದರು. ದೊಡ್ಡಪ್ಪನ ಕೈ ತಟ್ಟೆಯಲ್ಲೇ ನಿಂತಿತ್ತು. ಓರಗಿತ್ತಿ ಕೆಳತುಟಿಯನ್ನು ಹಲ್ಲಿನಲ್ಲಿ ಹಿಡಿದು ನಗು ತಡೆದುಕೊಂಡಿದ್ದಳು. ಇಬ್ಬರೂ ದೊಡ್ಡಮ್ಮನ ಬಾಯಿಯನ್ನೇ ನೋಡುತ್ತಿದ್ದರು. ಆ ನೋಟ ಅರ್ಥವಾಗುವಷ್ಟರಲ್ಲಿ ದೊಡ್ಡಮ್ಮನ ಉಸಿರು ಸೀಟಿ ಹೊಡೆದಂತೆ ಎಳೆಯತೊಡಗಿತ್ತು. ಪಕ್ಕದ ಮನೆಯವರ ವ್ಯಾನಿನಲ್ಲಿ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಬದುಕಿದರು.

"ಕಡಲೆಬೀಜದ ಪುಡಿ ಕಲಸಿದ ಸೌಟು ಅಕ್ಕ, ನೋಡದೆ ಅದನ್ನೇ ಹಾಕಿಬಿಟ್ಟೆ," ಎಂದು ಓರಗಿತ್ತಿ ಹಾಸಿಗೆಯ ಬಳಿ ಅತ್ತಳು.

"ಹೋಗ್ಲಿ ಬಿಡೇ, ಜೀವ ಉಳೀತಲ್ಲ," ಎಂದರು ದೊಡ್ಡಪ್ಪ.

ಮನೆಗೆ ಬಂದ ದಿನ ದೊಡ್ಡಮ್ಮ ಓರಗಿತ್ತಿಯನ್ನು ಎದುರಿಗೆ ಕೂರಿಸಿಕೊಂಡರು. "ನೋಡು ತಂಗಿ, ಬೇಕು ಅಂತಲೇ ಹಾಕಿದೆ ಅಂತ ಎಲ್ಲರ ಮುಂದೆ ಒಂದು ಸಲ ಹೇಳು. ಅಲ್ಲಿಗೆ ಮರೆತುಬಿಡ್ತೀನಿ."

"ಸೌಟು ತಪ್ಪಿದ್ದು ಅಂದ್ನಲ್ಲಕ್ಕ."

"ಸರಿ ಹಾಗಾದ್ರೆ."

ಅಂದು ರಾತ್ರಿ ಊಟಕ್ಕೆ ಕೂತಾಗ ದೊಡ್ಡಮ್ಮ ತಮ್ಮ ತಟ್ಟೆಯನ್ನು ಓರಗಿತ್ತಿಯ ಕಡೆಗೆ ತಳ್ಳಿದರು. "ತಗೋ ತಂಗಿ. ಮೊದಲ ತುತ್ತು ನಿಂದು."

ಆಮೇಲೆ ಪ್ರತಿ ಊಟಕ್ಕೂ ಇದೇ. ಆಕೆ ಪ್ರತಿಯೊಂದರಿಂದಲೂ ಒಂದೊಂದು ತುತ್ತು ತಿನ್ನಬೇಕು. ಅಲ್ಲಿಯವರೆಗೆ ದೊಡ್ಡಮ್ಮ ಕೈ ಕಟ್ಟಿಕೊಂಡು ಕೂರುತ್ತಿದ್ದರು. ನಂಟರು ಬಂದರೂ ಬಿಡಲಿಲ್ಲ. ಅವರು ಕಾರಣ ಕೇಳಿದರೆ, "ಅವಳನ್ನೇ ಕೇಳಿ," ಅಷ್ಟೇ ಉತ್ತರ. ಓರಗಿತ್ತಿ ಮುಖ ಕೆಂಪಗೆ ಮಾಡಿಕೊಂಡು ಅಡುಗೆಮನೆ ಸೇರುತ್ತಿದ್ದಳು. ಬರಬರುತ್ತಾ ನಂಟರೇ ಊಟದ ಹೊತ್ತು ತಪ್ಪಿಸಿ ಬರತೊಡಗಿದರು.

ನಾನೊಮ್ಮೆ ಕೇಳಿದೆ: "ಅವರಿಗೆ ಅಲರ್ಜಿ ಇಲ್ವಲ್ಲ ದೊಡ್ಡಮ್ಮ, ಅವರು ತಿಂದ್ರೆ ಏನು ಗೊತ್ತಾಗುತ್ತೆ?"

"ನಾನು ಅವಳ ಬಾಯಿ ನೋಡ್ತೀನಾ? ಕಣ್ಣು ನೋಡ್ತೀನಿ. ನನ್ನ ಉಸಿರು ಸಿಕ್ಕಿಕೊಂಡಾಗ ಅವಳು ನಗ್ತಾ ಇದ್ಲು. ಅವಳಿಗೂ ಗಂಟಲಲ್ಲಿ ಅನ್ನ ಸಿಕ್ಕಿಕೊಳ್ಳೋದು ಹೇಗಿರುತ್ತೆ ಅಂತ ದಿನಾ ಗೊತ್ತಾಗ್ಲಿ."

ತಿಂಗಳುಗಟ್ಟಲೆ ಹೀಗೇ ನಡೆಯಿತು. ಆಮೇಲೆ ಓರಗಿತ್ತಿಗೆ ಒಂದು ಅವಕಾಶ ಬಂತು. ಹತ್ತಿರದ ಶಾಲೆಯೊಂದರ ಅಡುಗೆಮನೆಗೆ ಮುಖ್ಯ ಅಡುಗೆಯವಳು ಬೇಕಾಗಿತ್ತು. ಕೈರುಚಿ ನೋಡಲು ಮುಖ್ಯೋಪಾಧ್ಯಾಯಿನಿಯೇ ಊಟಕ್ಕೆ ಬರುವವರಿದ್ದರು. ಗಂಡ ಕೊಟ್ಟಷ್ಟರಲ್ಲೇ ಬದುಕಿದ್ದ ಹೆಂಗಸಿಗೆ ಅದು ಸಣ್ಣ ಮಾತಲ್ಲ. ಹಿಂದಿನ ದಿನ ಬಂದು ದೊಡ್ಡಮ್ಮನ ಕೈ ಹಿಡಿದುಕೊಂಡಳು.

"ನಾಳೆ ಒಂದಿನ ಬೇಡ ಅಕ್ಕ. ನಿನ್ನ ದಮ್ಮಯ್ಯ."

"ಇವತ್ತೇ ಹೇಳಿಬಿಡು. ನಾಳೆ ನಾನು ತುಟಿ ಬಿಚ್ಚಲ್ಲ."

ಓರಗಿತ್ತಿ ದೊಡ್ಡಪ್ಪನ ಕಡೆ ನೋಡಿದಳು. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರದೊಳಗೆ ಮುಳುಗಿದ್ದರು. "ಹೇಳೋಕೆ ಏನಿದೆ?" ಎಂದು ಆಕೆ ಎದ್ದು ಹೋದಳು.

ಮರುದಿನ ಊಟಕ್ಕೆ ಕೂತ ಮುಖ್ಯೋಪಾಧ್ಯಾಯಿನಿ ಎರಡು ಸಲ ಬಡಿಸಿಕೊಂಡರು. "ನಮ್ಮಲ್ಲಿ ಕೆಲವು ಮಕ್ಕಳಿಗೆ ಇದು ಆಗಲ್ಲ, ಅದು ಆಗಲ್ಲ ಅಂತ ಇರುತ್ತೆ. ನಿಭಾಯಿಸ್ತೀರಾ?" ಎಂದು ಕೇಳಿದರು.

"ಅಯ್ಯೋ, ನಮ್ಮಕ್ಕನಿಗೇ ಇದೆಯಲ್ಲ ಮೇಡಂ! ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ."

ಅಲ್ಲಿಯವರೆಗೆ ದೊಡ್ಡಮ್ಮ ಏನು ಮಾಡಬೇಕೆಂದಿದ್ದರೋ ನನಗೆ ತಿಳಿಯದು. ಆ ಮಾತು ಕಿವಿಗೆ ಬಿದ್ದದ್ದೇ ತಟ್ಟೆ ಮುಂದಕ್ಕೆ ಹೋಯಿತು.

"ತಗೋ ತಂಗಿ. ಮೊದಲ ತುತ್ತು ನಿಂದು."

"ಇದೇನು, ನಿಮ್ಮನೆ ರೂಢಿನಾ?" ಎಂದು ಮುಖ್ಯೋಪಾಧ್ಯಾಯಿನಿ ನಕ್ಕರು.

"ಅವಳಿಂದಾನೇ ಶುರುವಾಗಿದ್ದು ಮೇಡಂ. ಅವಳನ್ನೇ ಕೇಳಿ."

"ತಮಾಷೆ ಮೇಡಂ, ತಮಾಷೆ," ಎಂದು ದೊಡ್ಡಪ್ಪ ನಡುವೆ ಬಾಯಿ ಹಾಕಿದರು.

ಆ ಮಾತಿಗೆ ಓರಗಿತ್ತಿ ಸಿಡಿದಳು. "ತಮಾಷೆನಾ ಭಾವ? ಹೌದು ಮೇಡಂ, ಹಾಕಿದೆ. ಆಗಲ್ಲ ಅಂದಿದ್ದನ್ನ ಬೇಕು ಅಂತಲೇ ಹಾಕಿದೆ. ನಾಟಕ ಅಂದ್ಕೊಂಡಿದ್ದೆ. ಆದ್ರೆ ಒಂದು ಚಮಚ ಹಾಕಿ ನೋಡು, ಬಣ್ಣ ಬಯಲಾಗುತ್ತೆ ಅಂದಿದ್ದು ಯಾರು? ಇವರು! ಇಷ್ಟು ದಿನ ತಟ್ಟೆ ಬರ್ತಾ ಇದ್ದಿದ್ದು ನನ್ನ ಮುಂದೆ, ಇವರು ಮಾತ್ರ ಆರಾಮಾಗಿ ಉಣ್ತಾ ಇದ್ರು!"

ಮುಖ್ಯೋಪಾಧ್ಯಾಯಿನಿ ನೀರನ್ನೂ ಕುಡಿಯದೆ ಎದ್ದರು. ಕೆಲಸ ಹೋಯಿತೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ದೊಡ್ಡಮ್ಮ ಗಂಡನ ಕಡೆ ತಿರುಗಿದರು. "ಹೌದೇನ್ರೀ?"

"ಅದೆಲ್ಲ ಈಗ್ಯಾಕೆ," ಎಂದರು ದೊಡ್ಡಪ್ಪ.

ಎಷ್ಟೋ ಮಕ್ಕಳ ಜೀವ ಉಳಿಸಿದಿರಿ ಎಂದು ಬೀದಿಯ ಹೆಂಗಸರು ದೊಡ್ಡಮ್ಮನನ್ನು ಹೊಗಳಿದರು. ಅವರಿಗೆ ಅದು ಹಿಡಿಸಲಿಲ್ಲ. "ಮಕ್ಕಳ ನೆನಪು ನನಗೆಲ್ಲಿತ್ತು? ಅವಳ ಮುಖ ನೋಡಬೇಕಿತ್ತು, ನೋಡಿದೆ," ಎಂದರು. ಆದರೆ ಕೊಟ್ಟ ಮಾತಿಗೆ ತಪ್ಪಲಿಲ್ಲ. ಓರಗಿತ್ತಿಗೆ ಆಮೇಲೆ ಒಂದು ಚುಚ್ಚು ಮಾತೂ ಆಡಲಿಲ್ಲ. ಕೆಲಸ ಕಳೆದುಕೊಂಡ ಸಿಟ್ಟನ್ನು ಆಕೆಯೂ ಭಾವನ ಮೇಲೆಯೇ ತಿರುಗಿಸಿದ್ದಳು. ಕೂಡಿ ಕೂರಲು ಇಬ್ಬರಿಗೂ ಅಷ್ಟು ಸಾಕಾಯಿತು.

ಕಳೆದ ಸಲ ಹೋದಾಗ ಇಬ್ಬರೂ ಅಡುಗೆಮನೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಾ ಏನಕ್ಕೋ ನಗುತ್ತಿದ್ದರು. ದೊಡ್ಡಪ್ಪನ ಹಾಸಿಗೆ ಹಜಾರಕ್ಕೆ ಬಂದಿತ್ತು. ಮೈಮೇಲೆ ಅಂಗಡಿಯಿಂದ ತಂದ ಅಂಗಿ. ಅದರ ಕಾಲರಿನ ಒಂದು ತುದಿ ಮೇಲಕ್ಕೆದ್ದಿತ್ತು. ಊಟಕ್ಕೆ ಕೂತು ಅವರು ಉಪ್ಪು ಕೇಳಿದರು. ಇಬ್ಬರಲ್ಲಿ ಒಬ್ಬರೂ ಏಳಲಿಲ್ಲ.

"ಇನ್ನೂ ಎಷ್ಟು ದಿನ ದೊಡ್ಡಮ್ಮ?" ಎಂದು ನಾನು ಮೆಲ್ಲಗೆ ಕೇಳಿದೆ.

"ತಂಗಿ ಹೇಳಿದ್ಲು, ಮುಗೀತು," ಎಂದರು ದೊಡ್ಡಮ್ಮ, ಹಜಾರಕ್ಕೆ ಕೇಳುವಷ್ಟು ಗಟ್ಟಿಯಾಗಿ. "ಅವರಿನ್ನೂ ಹೇಳಿಲ್ಲ."