ಕಾಕುವಿನ ಖಾಲಿ ಕಿಟ್ಲಿ

ಕುಕ್ಕರಿನ ರಬ್ಬರು ಹರಿದಿತ್ತು. ಹೊಸದು ತರಲೆಂದು ಹೋದ ವಾರ ಅಥಣಿ ಪೇಟೆಯ ಪಾತ್ರೆ ಅಂಗಡಿಗೆ ಹೋದವಳು, ಅಲ್ಲಿ ತೂಗುಬಿಟ್ಟಿದ್ದ ಒಂದು ಅಲ್ಯೂಮಿನಿಯಂ ಕಿಟ್ಲಿಯನ್ನು ನೋಡುತ್ತ ನಿಂತುಬಿಟ್ಟೆ. ಮುಚ್ಚಳ, ತಂತಿಯ ಹಿಡಿಕೆ, ಹಾಲು ತರಲು ಒಯ್ಯುತ್ತಿದ್ದಂಥದ್ದು. ಮನೆ ಬಾಗಿಲಿಗೇ ಪ್ಯಾಕೆಟ್ ಬರುವ ಈ ಕಾಲದಲ್ಲಿ ಅದನ್ನು ಯಾರು ಕೊಳ್ಳುತ್ತಾರೋ! ಅಂಗಡಿಯವ "ಕೊಡ್ಲೇನ್ರಿ ಅಕ್ಕಾರ?" ಅಂದ. "ಬ್ಯಾಡಪಾ" ಅನ್ನುತ್ತ ಸೆರಗಿನ ತುದಿಯನ್ನು ಕಣ್ಣಿಗೊತ್ತಿಕೊಂಡೆ. ಕಿಟ್ಲಿ ನೋಡಿ ಕಣ್ಣೊರೆಸಿಕೊಳ್ಳುವ ಹೆಂಗಸನ್ನು ಅವನು ಮೊದಲ ಸಲ ನೋಡಿರಬೇಕು.

ಚಿಕ್ಕಮ್ಮನಂತೆ ನಾನು ಕಾಕು ಎಂದು ಕರೆಯುತ್ತಿದ್ದ ಮಗ್ಗುಲ ಮನೆಯವರ ಕೈಯಲ್ಲಿ ಇಂಥದೇ ಒಂದು ಇರುತ್ತಿತ್ತು...

ನಾನು ಉಗಾರ ಬುದ್ರುಕಕ್ಕೆ ಸೊಸೆಯಾಗಿ ಬಂದ ಹೊಸತು. ಗಂಡ ಸಾಲಿ ಮಾಸ್ತರ, ಅತ್ತೆ ಮಾತಿಗೆ ಬಿಗಿ. ಇಡೀ ದಿನ ನಾನು ಗೋಡೆಯ ಜೊತೆ ಮಾತಾಡುವುದೊಂದು ಬಾಕಿ. ಕಾಕುವಿನದು ದೊಡ್ಡ ಮನೆತನ: ಕಬ್ಬಿನ ಹೊಲ, ಟ್ರ್ಯಾಕ್ಟರು, ನೀರು ಸೇದಲೂ ಆಳು. ಅವರ ಗಂಡ ಕಾಕಾ ತೀರಿಹೋಗಿ ಬಹಳ ವರ್ಷವಾಗಿತ್ತು. ಅಂಥ ಮನೆಯಲ್ಲಿ ಕೂತು ಕೂತೇ ಕಾಕುವಿಗೆ ಸಕ್ಕರೆ ಕಾಯಿಲೆ ಬಂತು. ಮಿರಜದ ಡಾಕ್ಟರು, ಗುಳಿಗೆ ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧ ನಿಮ್ಮ ಕಾಲು ಮಾಡಬೇಕು, ದಿನಾ ನಡೆಯಿರಿ ಎಂದು ಹೇಳಿ ಕಳಿಸಿದ್ದರು. "ಕುಂತ ಉಣ್ಣಾವರಿಗೆ ಕುಡಿಕಿ ಹೊನ್ನ ಸಾಲೂದಿಲ್ಲ ಅಂತಾರ. ನನಗ ನೋಡ, ಹೊನ್ನ ಸಾಲ್ತು, ಸಕ್ರಿನ ಹೆಚ್ಚಾತು" ಎಂದು ಕಾಕು ನಗುತ್ತಿದ್ದರು.

ನಡೆಯುವುದೇನು ದೊಡ್ಡ ಮಾತು ಎನ್ನಬೇಡಿ. ನಮ್ಮ ಕಡೆ ದಾರಿಯಲ್ಲಿ ಎದುರಾದವರು "ಎಲ್ಲಿಗಿ ಹೊಂಟ್ರಿ?" ಎಂದು ಕೇಳದೆ ಮುಂದೆ ಹೋಗುವುದಿಲ್ಲ. ಕೇಳಿದ್ದಕ್ಕೆ ಒಂದು ಊರೋ, ಹೊಲವೋ, ಗುಡಿಯೋ ಉತ್ತರವಾಗಿ ಬೇಕು. ಎಮ್ಮೆ ಕಾಯುವವನು ದಿನವಿಡೀ ತಿರುಗಿದರೂ ಅವನಿಗೆ ಎಮ್ಮೆಯ ನೆಪವಿದೆ. ದೊಡ್ಡ ಮನೆಯ ಹೆಂಗಸು ಬರಿಗೈಯಲ್ಲಿ ಹೊರಟರೆ? ಮೊದಲ ದಿನ ಕಾಕು "ಸುಮ್ನ ಹೊಂಟೀನಿ" ಅಂದಿದ್ದರು. ದೀಪ ಹಚ್ಚುವ ಹೊತ್ತಿಗೆ ಅವರ ಮಗನಿಗೆ ಸುದ್ದಿ ಮುಟ್ಟಿತ್ತು: "ನಿಮ್ಮವ್ವ ಸಿಟ್ಟ ಮಾಡಿ ತವರಮನಿಗೆ ಹೊಂಟಿದ್ರಲ್ಲ, ಏನಾತು?"

ಮರುದಿನ ಕಾಕು ಕಿಟ್ಲಿ ಹಿಡಿದರು. ಅವರ ಎಮ್ಮೆಗಳು ಹೊಳೆಯ ಕಡೆಗಿನ ತೋಟದ ಮನೆಯಲ್ಲಿದ್ದವು. ಹಾಲನ್ನು ಆಳು ಮುಂಜಾನೆಯೇ ಬೈಕಿನ ಮೇಲೆ ತಂದುಕೊಡುತ್ತಿದ್ದ. ಊರಿಗೆ ಅದೆಲ್ಲಿ ಗೊತ್ತು? ಸಂಜೆ ಕಾಕು ಖಾಲಿ ಕಿಟ್ಲಿ ಹಿಡಿದು ಹೋಗುವುದು, ಖಾಲಿ ಕಿಟ್ಲಿ ಹಿಡಿದು ಬರುವುದು. ಬರುವಾಗ ಮಾತ್ರ ಹಾಲು ತುಳುಕೀತೆಂಬಂತೆ ಬಲಗೈಯನ್ನು ಜಗ್ಗಿ ಹಿಡಿಯುತ್ತಿದ್ದರು. ಆ ಸೋಗು ನೋಡಿ ನನಗೆ ನಗು ತಡೆಯುತ್ತಿರಲಿಲ್ಲ. "ಹಲ್ಲ ಮುಚ್ಚ ಬೇ, ಮಂದಿ ನೋಡ್ತಾರ" ಎಂದು ಗದರಿಸಿ ತಾವೇ ಮೊದಲು ನಗುತ್ತಿದ್ದರು. ಹೌದು, ನಾನೂ ಜೊತೆಗೆ ಹೋಗುತ್ತಿದ್ದೆ. ಕಾಕು ಸಂಗಡ ಎಂದರೆ ನನ್ನ ಅತ್ತೆಯೂ ಬೇಡ ಅನ್ನುತ್ತಿರಲಿಲ್ಲ. ಆ ಊರಿನಲ್ಲಿ ನಾನು ಬಾಯಿ ತುಂಬ ಮಾತಾಡಿದ ಹೊತ್ತೆಂದರೆ ಅದೊಂದೇ.

ಕಾಲುವೆ ದಾಟಿ, ಬನ್ನಿ ಗಿಡ ದಾಟಿ, ಹೊಳೆ ಕಾಣುವವರೆಗೆ ನಡೆದು ಹೊರಳುತ್ತಿದ್ದೆವು. ಕೆಲವು ತಿಂಗಳಲ್ಲಿ ಕಾಕುವಿನ ಸಕ್ಕರೆ ಇಳಿಯಿತು, ಡಾಕ್ಟರು ಶಭಾಷ್ ಅಂದರಂತೆ. ಕಾಕು ಮಾತ್ರ "ಸಕ್ರಿ ಇಳೀಲಿ ಬಿಡಲಿ, ಸಂಜಿಕಿ ನಿನ್ನ ಮಾರಿ ನೋಡ್ತೀನಲ್ಲ, ಅಷ್ಟ ಸಾಕು" ಎನ್ನುತ್ತಿದ್ದರು. ಮನೆ ತುಂಬ ಜನ ಇದ್ದೂ ಅವರ ಜೊತೆ ಕೂತು ಮಾತಾಡುವವರಿರಲಿಲ್ಲ ಎಂಬುದು ನನಗೆ ಆಗಲೇ ಗೊತ್ತಿತ್ತು.

ಕಬ್ಬಿನ ಹಂಗಾಮಿನಲ್ಲಿ ಒಂದು ಸಂಕಷ್ಟಿ ಬಂತು. ಚಂದ್ರ ಮೂಡುವವರೆಗೆ ಉಪವಾಸ. ಉಪವಾಸಕ್ಕೆ ನಡೆಯುವ ಸಾಬೂದಾಣಿ ಖಿಚಡಿಯನ್ನು ಡಾಕ್ಟರು ಬೇಡ ಅಂದಿದ್ದಾರೆಂದು ಕಾಕು ಅದನ್ನೂ ಬಿಟ್ಟಿದ್ದರು. ಗುಳಿಗೆ ಮಾತ್ರ ಬಿಟ್ಟಿರಲಿಲ್ಲ. ದೇವರಿಗೂ ಡಾಕ್ಟರಿಗೂ ಇಬ್ಬರಿಗೂ ನಿಷ್ಠೆ! ಆ ಸಂಜೆ ಬನ್ನಿ ಗಿಡದ ಹತ್ತಿರ ಬರುವಾಗ ಅವರ ಮಾತು ತೊದಲಿತು. ಕೈಗಳು ನಡುಗಿದವು, ಹಣೆಯಲ್ಲಿ ಬೆವರು ಕಿತ್ತಿತು. ಅಲ್ಲೇ ಮಣ್ಣಿನಲ್ಲಿ ಕುಸಿದು, ಎದುರಿಗೆ ಬಂದ ಗಾಡಿಯ ಕಡೆ ಕೈ ಮಾಡಿ, "ಕಬ್ಬ... ಕಬ್ಬ ಕೊಡ್ರಿ" ಅಂದರು. ಸಕ್ಕರೆ ಏರಿದೆ ಎಂದೇ ತಿಳಿದಿದ್ದ ನಾನು "ಅಯ್ಯ, ಬ್ಯಾಡ್ರಿ, ಅವರಿಗೆ ಶುಗರ್ ಐತಿ!" ಎಂದು ಚೀರಿದೆ. ಕಬ್ಬಿನ ಗಾಡಿ ಹೊಡೆಯುತ್ತಿದ್ದವನು ನನ್ನ ಮಾತು ಕೇಳಲಿಲ್ಲ. ಹೇರಿನಿಂದ ಒಂದು ಗಳ ಎಳೆದು, ಸೀಳಿ ಬಾಯಿಗಿಟ್ಟ. ಕಾಕು ಅಗಿದು ರಸ ನುಂಗುತ್ತ ನುಂಗುತ್ತ ಕಣ್ಣು ತೆರೆದರು. ನನಗೆ ಜೀವ ಬಂದಂತಾಯಿತು. ಹಸಿದ ಹೊಟ್ಟೆಗೆ ಗುಳಿಗೆ ಬಿದ್ದು ಸಕ್ಕರೆ ಏರಿರಲಿಲ್ಲ, ತೀರ ಇಳಿದಿತ್ತು ಎಂದು ಆಮೇಲೆ ತಿಳಿಯಿತು.

ಅಷ್ಟರಲ್ಲಿ ಜನ ಕೂಡಿದ್ದರು. ಕಿಟ್ಲಿ ಉರುಳಿ ಬಾಯಿ ತೆರೆದು ಬಿದ್ದಿತ್ತು. ಒಬ್ಬ ಮುದುಕ ಬಗ್ಗಿ ನೆಲ ನೋಡಿ, "ಹಾಲ ಎಲ್ಲಿ ಚೆಲ್ಲೇತಿ?" ಅಂದ.

"ಹಾಲ ಇರಲಿಲ್ಲಪಾ. ನಾ ನಡ್ಯಾಕ ಬಂದಿದ್ನಿ" ಅಂದರು ಕಾಕು.

ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತಾಯಿತು. ದೊಡ್ಡ ಮನೆಯ ಹೆಂಗಸು ದಿನಾ ಖಾಲಿ ಕಿಟ್ಲಿ ಹಿಡಿದು ತಿರುಗುತ್ತಾಳಂತೆ, ತಲೆ ಕೆಟ್ಟಿದೆಯಂತೆ ಎಂದು ಊರು ವಾರಗಟ್ಟಲೆ ಮೆದ್ದಿತು. ಮಗ ಕೆಟ್ಟವನಲ್ಲ. ಅವ್ವ ದಾರಿಯಲ್ಲಿ ಬಿದ್ದಳೆಂದು ಹೆದರಿದ್ದ, ಜನ ನಕ್ಕರೆಂದು ನಾಚಿದ್ದ. ಎರಡಕ್ಕೂ ಸೇರಿಸಿ ಸಾಂಗಲಿಯಿಂದ ನಿಂತಲ್ಲೇ ನಡೆಯುವ ಮಷೀನು ತಂದು ಒಳಗಿನ ಕೋಣೆಯಲ್ಲಿ ಇಟ್ಟ. "ಎಷ್ಟ ಬೇಕ ಅಷ್ಟ ನಡಿ ಯವ್ವಾ, ಹೊಸ್ತಿಲ ಮಾತ್ರ ದಾಟಬ್ಯಾಡ" ಅಂದನಂತೆ.

ನಾನು ನೋಡಲು ಹೋದಾಗ ಕಾಕು ಅದರ ಮೇಲೆ ನಿಂತು, ಗೋಡೆಗೆ ಮುಖ ಮಾಡಿ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. "ಎಷ್ಟ ನಡದ್ರೂ ಗ್ವಾಡಿ ಅಲ್ಲೇ ಐತಿ ನೋಡ ಬೇ" ಅಂದರು. ನಗಲು ನೋಡಿದೆ, ಆಗಲಿಲ್ಲ. ಮರುದಿನದಿಂದ ಆ ಹೊತ್ತಿಗೆ ಹೋಗಿ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ದಾರಿ ಹೇಳತೊಡಗಿದೆ. "ಈಗ ಕಾಲುವಿ ಬಂತ್ರಿ ಕಾಕು. ಯಾರೋ ಅರಿವಿ ಒಗ್ಯಾಕತ್ತಾರ. ಈಗ ಬನ್ನಿ ಗಿಡ. ಗಾಡಿ ಬಂತು, ಸರೀರಿ!" ಕಾಕು ನಿಜವಾಗಿಯೂ ಮಗ್ಗುಲಿಗೆ ಸರಿಯುತ್ತಿದ್ದರು. ನಾನು ಹೇಳುತ್ತಿದ್ದರೆ ನಡೆಯುತ್ತಿದ್ದರು, ನಿಲ್ಲಿಸಿದರೆ ಇಳಿದುಬಿಡುತ್ತಿದ್ದರು. ಕರೆಂಟು ಹೋದ ದಿನ ದಾರಿ ಅರ್ಧಕ್ಕೇ ನಿಲ್ಲುತ್ತಿತ್ತು. ಒಂದು ದಿನ ಮಷೀನಿನ ಮೇಲಿಂದಲೇ ಕೇಳಿದರು: "ಹೊಳಿಗೆ ನೀರ ಬಂದೈತೇನ?" ಹೊಳೆ ಎಷ್ಟು ದೂರ? ಅವರ ಮಾಳಿಗೆ ಹತ್ತಿದರೆ ಕಾಣುವಷ್ಟು. ಮಳೆಗಾಲ ಮುಗಿಯುತ್ತ ಬಂದಿತ್ತು.

ಮುಂದಿನ ವರ್ಷ ಗಂಡನಿಗೆ ಅಥಣಿಗೆ ವರ್ಗವಾಯಿತು. ಹೊರಟ ದಿನ ಕಾಕು ಹೊಸ್ತಿಲ ಒಳಗೇ ನಿಂತು ಸೊಸೆಯ ಕೈಯಿಂದ ನನಗೆ ಉಡಿ ತುಂಬಿಸಿದರು. ಆಮೇಲೆ ಫೋನಿನಲ್ಲಿ "ನಡೀತೀರೇನ್ರಿ ಕಾಕು?" ಎಂದಾಗಲೆಲ್ಲ, "ಮಷೀನ ಐತಿ ಬೇ, ಅದರ ಮ್ಯಾಲ ಅರಿವಿ ಒಣಾಕತ್ತಾವ" ಎನ್ನುತ್ತಿದ್ದರು. ಕಣ್ಣು ಮಂಜಾದವು ಎಂದು ಕೇಳಿದೆ. ಕಾಲಿಗೊಂದು ಹುಣ್ಣಾಗಿದೆ, ಮಾಯುತ್ತಿಲ್ಲ ಎಂದು ಕೇಳಿದೆ. ಮಿರಜಕ್ಕೆ ಒಯ್ದಿದ್ದಾರೆ ಎಂದು ಕೇಳಿದೆ... ಕೊನೆಗೊಂದು ಮುಂಜಾನೆ ಅವರ ಮಗನೇ ಫೋನು ಮಾಡಿದ. ಅವ್ವ ಹೋದಳು ಎಂದು ಅಳತೊಡಗಿದ.

ವರ್ಷಗಳಾದವು. ಮೊನ್ನೆ ನನ್ನ ರಕ್ತ ತಪಾಸಣೆಯ ಚೀಟಿ ನೋಡಿ ಇಲ್ಲಿಯ ಡಾಕ್ಟರು, ಇನ್ನೂ ಎಳೆ ಪ್ರಾಯದ ಹುಡುಗಿ, ನನಗೂ ಸಕ್ಕರೆ ಕಾಯಿಲೆ ಎಂದಳು. ಗುಳಿಗೆ ಬರೆಯುತ್ತ ಬರೆಯುತ್ತ, "ದಿನಾ ನಡೀಬೇಕ್ರಿ ಅಕ್ಕಾರ. ಒಬ್ರ ಆದ್ರ ನಾಲ್ಕ ದಿನಕ್ಕ ಬ್ಯಾಸತ್ತ ಬಿಡ್ತೀರಿ. ಜೋಡಿ ಯಾರರೆ ಅದಾರೇನು?" ಅಂದಳು.

ಯಾಕೆ ಹಾಗೆ ಹೇಳಿದೆನೋ... "ಅದಾರ್ರಿ. ನಮ್ಮ ಕಾಕು ಅದಾರ" ಅಂದುಬಿಟ್ಟೆ.

"ಛಲೋ ಆತ ಬಿಡ್ರಿ. ನಾಳಿಂದನ ಇಬ್ರೂ ಚಾಲೂ ಮಾಡ್ರಿ."

ಮರುದಿನ ಸಂಜೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಬಿದ್ದೆ. ದಾರಿ ತುಂಬ ಇಬ್ಬರು ಮೂವರಾಗಿ ಹೆಂಗಸರು ಬೂಟು ಹಾಕಿಕೊಂಡು ಬಿರುಸಾಗಿ ನಡೆಯುತ್ತಿದ್ದರು. ನಾನು ಒಬ್ಬಳೇ ನಡೆದೆ.